ಸಬ್ಬಸಿಗೆಗೆ ಯಾವುದು ಒಗ್ಗುತ್ತೆ?

ಸಬ್ಬಸಿಗೆ ಸೊಪ್ಪಿನ ವಿಷಯದಲ್ಲಿ ತಟಸ್ಥರಾಗಿರುವವರನ್ನು ನಾನಿನ್ನೂ ನೋಡಿಲ್ಲ. ಕೊತ್ತಂಬರಿ ಬಗ್ಗೆ, ಮೆಂತ್ಯದ ಬಗ್ಗೆ "ಇದ್ದರೆ ಇರಲಿ, ಇಲ್ಲದಿದ್ದರೆ ಬಿಡಿ" ಅನ್ನುವವರು ಬೇಕಾದಷ್ಟು ಸಿಗುತ್ತಾರೆ. ಸಬ್ಬಸಿಗೆ ಅಂದ ತಕ್ಷಣ ಮಾತ್ರ ಮನೆ ಎರಡು ಪಾರ್ಟಿ ಆಗುತ್ತೆ. ಒಬ್ಬರಿಗೆ ಘಮ, ಇನ್ನೊಬ್ಬರಿಗೆ ನಾತ. ನಾನು ಹುಟ್ಟಿ ಬೆಳೆದದ್ದು ಮೊದಲನೇ ಪಾರ್ಟಿಯಲ್ಲಿ. ಅಪ್ಪ ಅದರ ಆಜೀವ ಅಧ್ಯಕ್ಷರು.

ಜನವರಿಯಲ್ಲಿ ಬೆಂಗಳೂರಿನ ಯಾವುದೇ ತರಕಾರಿ ಗಾಡಿ ನೋಡಿ. ಅವರೆಕಾಯಿ ರಾಶಿಯ ಪಕ್ಕದಲ್ಲೇ ಸಬ್ಬಸಿಗೆ ಕಂತೆ ಇರುತ್ತೆ. ಗಾಡಿಯವರಿಗೆ ಗೊತ್ತು, ಒಂದನ್ನು ಕೊಂಡವರು ಇನ್ನೊಂದನ್ನು ಕೊಳ್ಳದೆ ಹೋಗಲ್ಲ ಅಂತ. ಒಳ್ಳೆ ಅವರೆಕಾಯಿ ಸುಲಿದರೆ ಕೈಗೊಂದು ಜಿಡ್ಡು ಅಂಟುತ್ತೆ, ಅದಕ್ಕೊಂದು ಗಡಸು ವಾಸನೆ. ಅದಕ್ಕೆ ಸೊಗಡು ಅಂತಾರೆ. ಹಳ್ಳಿ ಸೊಗಡು, ಭಾಷೆಯ ಸೊಗಡು ಅಂತೆಲ್ಲ ಪುಸ್ತಕದ ಬೆನ್ನುಡಿಗಳಲ್ಲಿ ಬರೆಯುತ್ತಾರಲ್ಲ, ಅದೇ ಸೊಗಡು. ಬೆನ್ನುಡಿ ಬರೆಯುವವರಲ್ಲಿ ಎಷ್ಟು ಜನ ಅವರೆಕಾಯಿ ಸುಲಿದಿದ್ದಾರೋ ಕಾಣೆ.

ಈ ಸೊಗಡಿಗೆ ಸಬ್ಬಸಿಗೆ ಸರಿಯಾದ ಜೋಡಿ. ಅಕ್ಕಿಹಿಟ್ಟಿಗೆ ಬೇಯಿಸಿದ ಅವರೆಕಾಳು, ಸಣ್ಣಗೆ ಹೆಚ್ಚಿದ ಸಬ್ಬಸಿಗೆ, ಈರುಳ್ಳಿ, ಹಸಿಮೆಣಸಿನಕಾಯಿ, ತೆಂಗಿನ ತುರಿ ಹಾಕಿ ಕಲಸಿ, ತಣ್ಣಗಿನ ಬಾಣಲೆ ತಳಕ್ಕೇ ತಟ್ಟಿ, ನಡುನಡುವೆ ತೂತು ಮಾಡಿ ಎಣ್ಣೆ ಬಿಟ್ಟು ಮುಚ್ಚಿಟ್ಟರೆ ಹತ್ತು ನಿಮಿಷದಲ್ಲಿ ಅಕ್ಕಪಕ್ಕದ ಫ್ಲ್ಯಾಟಿನವರಿಗೂ ಸುದ್ದಿ ಮುಟ್ಟಿರುತ್ತೆ. ಇಲ್ಲಿ ಅಕ್ಕಿಗೆ ಸ್ವಂತ ಅಭಿಪ್ರಾಯ ಇಲ್ಲ. ಅವರೆ ಭಾರವಾಗಿ ಕೂತಿರುತ್ತೆ. ಸಬ್ಬಸಿಗೆ ಆ ಭಾರವನ್ನು ಸೀಳಿಕೊಂಡು ಮೇಲೆ ಬರುತ್ತೆ. ಸೊಪ್ಪಿನ ಪರಿಮಳದ ಅಣುಗಳು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಹಾಗಾಗಿ ಡಯಟ್ ಅಂತ ಎಣ್ಣೆ ಇಲ್ಲದೆ ಸಬ್ಬಸಿಗೆ ರೊಟ್ಟಿ ಮಾಡುವವರು ಆ ಸೊಪ್ಪನ್ನು ಸುಮ್ಮನೆ ಹಾಳು ಮಾಡುತ್ತಾರೆ, ಅಷ್ಟೆ.

ಹಸಿ ತೊಗರಿಕಾಳು, ಹೆಸರುಬೇಳೆ, ಮಸಾಲೆ ವಡೆಯ ಕಡಲೆಬೇಳೆ ಎಲ್ಲದರ ಜೊತೆಗೂ ಇದು ಸಲೀಸಾಗಿ ಹೋಗುತ್ತೆ. ಸಬ್ಬಸಿಗೆಗೂ ಬೇಳೆಕಾಳಿಗೂ ಹಳೇ ನಂಟು. ದಖನಿ ಮುಸ್ಲಿಂ ಮನೆಗಳಲ್ಲಿ ಇದನ್ನು ಕೀಮಾಕ್ಕೆ ಹಾಕುತ್ತಾರೆ. ಒಮ್ಮೆ ಶಿವಾಜಿನಗರದ ಗೆಳೆಯನ ಮನೆಯಲ್ಲಿ ಅದನ್ನು ತಿಂದ ಮೇಲೆ, ಸಬ್ಬಸಿಗೆ ಮೇಲೆ ನಮ್ಮ ಮನೆಗೆ ಏನೋ ಪೇಟೆಂಟ್ ಇದೆ ಅನ್ನುವ ಭ್ರಮೆ ಹೋಯಿತು. ಇರಾನಿನಲ್ಲಿ ಬಾಘಾಲಿ ಪೋಲೋ ಅಂತ ಮಾಡುತ್ತಾರೆ. ಅಕ್ಕಿ, ದಪ್ಪನೆಯ ಹಸಿರು ಬಾಖ್ಲಾ ಕಾಳು, ಕೈತುಂಬ ಸಬ್ಬಸಿಗೆ. ಜೊತೆಗೆ ಕುರಿಯ ಕಾಲಿನ ಮಾಂಸ. ಮಾಂಸ ಬಿಟ್ಟರೆ ಅದು ನಮ್ಮ ರೊಟ್ಟಿಯನ್ನೇ ಉದುರುದುರಾಗಿ ಬಡಿಸಿದ ಹಾಗೆ! ಸ್ವೀಡನ್ನಿನವರು ಬೇಸಿಗೆಯ ಎಳೇ ಆಲೂಗಡ್ಡೆಯನ್ನು ಸಬ್ಬಸಿಗೆ ಹಾಕಿ ಬೇಯಿಸುತ್ತಾರೆ, ಉಪ್ಪು ಸಕ್ಕರೆ ಸವರಿದ ಹಸಿ ಸಾಲ್ಮನ್ ಮೀನಿಗೆ ಹೊದಿಸುತ್ತಾರೆ. ಆ ಕಡೆಯ ಅಕ್ವಾವಿಟ್ ಅನ್ನುವ ಮದ್ಯದಲ್ಲೂ ಇದರ ಕಾಳು ಹಾಕುವುದುಂಟು.

ಮದ್ಯದ ಮಾತು ಬಂತಲ್ಲ, ನಮ್ಮಲ್ಲಿ ಬಹಳಷ್ಟು ಜನ ತಾಯಿಹಾಲಿನ ನಂತರ ರುಚಿ ನೋಡಿದ ಮೊದಲ ಪಾನೀಯವೇ ಸಬ್ಬಸಿಗೆಯದ್ದು. 1851ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಗ್ರೈಪ್ ವಾಟರಿನ ಘಮಕ್ಕೆ ಕಾರಣ ಸಬ್ಬಸಿಗೆ ಕಾಳಿನ ಎಣ್ಣೆ. ಹಳೇ ಪಾಕದಲ್ಲಿ ಆಲ್ಕೋಹಾಲೂ ಇತ್ತು. ದೊಡ್ಡವರಾದ ಮೇಲೆ ಅದರ ಜಾಗಕ್ಕೆ ಮಜ್ಜಿಗೆ ಬರುತ್ತೆ. ಕಡೆದ ಮಜ್ಜಿಗೆಗೆ ಒಂದು ಚಿಟಿಕೆ ಹೆಚ್ಚಿದ ಸಬ್ಬಸಿಗೆ, ಉಪ್ಪು, ಜಜ್ಜಿದ ಶುಂಠಿ, ಇಷ್ಟೇ ಸಾಕು. ವಡೆಗೆ ಫಿಲ್ಟರ್ ಕಾಫಿ ಒಪ್ಪುತ್ತೆ. ಏಲಕ್ಕಿ ಟೀ ಮಾತ್ರ ಖಂಡಿತ ಬೇಡ, ಒಂದೇ ಮೈಕಿಗೆ ಇಬ್ಬರು ಭಾಷಣಕಾರರು ಮುಗಿಬಿದ್ದ ಹಾಗಾಗುತ್ತೆ. ಕೊತ್ತಂಬರಿ, ಪುದೀನ, ಸಬ್ಬಸಿಗೆ ಮೂರನ್ನೂ ಒಟ್ಟಿಗೆ ಹಾಕುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ, ಊಟಕ್ಕೂ ಕೂರುವುದಿಲ್ಲ.

ಹೀಗೆ "ಇದಕ್ಕೆ ಇದು ಸೇರುತ್ತೆ, ಅದು ಸೇರಲ್ಲ" ಅಂತ ತೀರ್ಪು ಕೊಡೋದು ಎಷ್ಟು ಸುಲಭ ಅಲ್ವಾ? ಯಾಕೆ ಸೇರುತ್ತೆ ಅಂತ ಕೇಳಿದರೆ ಮಾತ್ರ ತಡವರಿಸುತ್ತೇವೆ. ಇದಕ್ಕೆ ಉತ್ತರ ಹುಡುಕಲು ಹೊರಟವರಿದ್ದಾರೆ. ಎರಡು ಪದಾರ್ಥಗಳಲ್ಲಿ ಒಂದೇ ಬಗೆಯ ಪರಿಮಳದ ಅಣುಗಳಿದ್ದರೆ ಅವು ಬಾಯಲ್ಲಿ ಚೆನ್ನಾಗಿ ಕೂಡುತ್ತವೆ ಅನ್ನೋದು ಪಶ್ಚಿಮದ ಕೆಲವು ಬಾಣಸಿಗರ, ರಸಾಯನ ವಿಜ್ಞಾನಿಗಳ ಊಹೆಯಾಗಿತ್ತು. 2011ರಲ್ಲಿ ಯಾಂಗ್-ಯೋಲ್ ಆನ್ ಮತ್ತು ಸಂಗಡಿಗರು 56 ಸಾವಿರಕ್ಕೂ ಹೆಚ್ಚು ಪಾಕವಿಧಾನಗಳನ್ನು ಕಂಪ್ಯೂಟರಿಗೆ ಹಾಕಿ ಜಾಲಾಡಿದರು. ಉತ್ತರ ಅಮೆರಿಕ, ಪಶ್ಚಿಮ ಯುರೋಪಿನ ಅಡುಗೆಗಳಲ್ಲಿ ಆ ಊಹೆ ಹೆಚ್ಚುಕಡಿಮೆ ನಿಜ, ಸಮಾನ ಗುಣದವೇ ಜೊತೆಯಾಗುತ್ತವೆ. ಪೂರ್ವ ಏಷ್ಯಾದ ಅಡುಗೆಗಳಲ್ಲಿ ಉಲ್ಟಾ. 2015ರಲ್ಲಿ ಜೋಧ್‌ಪುರದ ಐಐಟಿಯಲ್ಲಿ ಗಣೇಶ್ ಬಾಗ್ಲರ್ ಅವರ ತಂಡ ಎರಡೂವರೆ ಸಾವಿರ ಭಾರತೀಯ ಪಾಕಗಳನ್ನು ಹಾಗೇ ಪರೀಕ್ಷಿಸಿತು. ಕಣ್ಣು ಮುಚ್ಚಿ ಪದಾರ್ಥ ಆರಿಸಿದ್ದರೆ ಎಷ್ಟು ಸಾಮ್ಯ ಇರುತ್ತಿತ್ತೋ, ನಮ್ಮ ಅಡುಗೆಗಳಲ್ಲಿ ಅದಕ್ಕಿಂತಲೂ ಕಡಿಮೆ ಇದೆ ಅಂತ ಗೊತ್ತಾಯಿತು. ಅದಕ್ಕೆ ಮುಖ್ಯ ಕಾರಣ ಮಸಾಲೆ ಪದಾರ್ಥಗಳು. ಅಂದರೆ ನಾವು ಒಂದಕ್ಕೊಂದು ಹೋಲದ್ದನ್ನೇ ಹುಡುಕಿ ಹುಡುಕಿ ಕೂಡಿಸಿದ್ದೇವೆ!

ಇದನ್ನು ಓದಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಆಗಷ್ಟೇ ಟೀಮ್ ಲೀಡ್ ಆಗಿದ್ದೆ. ಒಂದು ಮೀಟಿಂಗಿನಲ್ಲಿ ಪ್ರೊಜೆಕ್ಟರ್ ಮೇಲೆ ಮಸಾಲೆ ಡಬ್ಬಿಯ ಫೋಟೊ ಹಾಕಿ ಭಾಷಣ ಬಿಗಿದೆ. ಟೀಮ್ ಅಂದರೆ ಹೀಗಿರಬೇಕು, ಸಾಸಿವೆ ಸಾಸಿವೆಯಾಗಿಯೇ ಇರಬೇಕು, ಇಂಗು ಇಂಗಾಗಿಯೇ ಇರಬೇಕು, ಎಲ್ಲರೂ ಒಂದೇ ಥರ ಇದ್ದರೆ ರುಚಿ ಹುಟ್ಟಲ್ಲ ಅಂತೆಲ್ಲ. ಚಪ್ಪಾಳೆಯೂ ಬಿತ್ತು.

ಅದಾದ ಮೂರನೇ ವಾರ ಒಬ್ಬ ಹುಡುಗನ ಇಂಟರ್‌ವ್ಯೂ ಇತ್ತು. ರಾಯಚೂರು ಕಡೆಯವನು. ಕೋಡ್ ನನಗಿಂತ ಚೆನ್ನಾಗಿ ಬರೆದ, ಇದನ್ನು ಉತ್ಪ್ರೇಕ್ಷೆಗೆ ಹೇಳುತ್ತಿಲ್ಲ. ಆದರೆ ಕೇಳಿದ್ದಕ್ಕಷ್ಟೇ ಉತ್ತರ. ಇಂಗ್ಲಿಷಿನಲ್ಲಿ ನಿಧಾನ. ಕನ್ನಡಕ್ಕೆ ತಿರುಗಿದಾಗ ಅವನ ಕನ್ನಡ ನನಗೆ ಅರ್ಧ ತಿಳಿಯಲಿಲ್ಲ, ನನ್ನದು ಅವನಿಗೆ ಪೂರ್ತಿ ತಿಳಿಯಿತು. ನಮ್ಮ ಟೀಮಿನ ಜೋಕುಗಳಿಗೆ ನಗಲಿಲ್ಲ. ಮಧ್ಯಾಹ್ನ ಎಲ್ಲರ ಜೊತೆ ಊಟಕ್ಕೆ ಕರೆದರೆ "ಇಲ್ರೀ ಸರ, ತಂದೀನಿ" ಅಂತ ಬ್ಯಾಗಿನಿಂದ ಬುತ್ತಿ ತೆಗೆದು ಕಿಟಕಿ ಪಕ್ಕ ಒಬ್ಬನೇ ಕೂತು ತಿಂದ. ಸಂಜೆ ಫಾರ್ಮಿನಲ್ಲಿ ನಾನು ಬರೆದೆ: ಟೆಕ್ನಿಕಲಿ ಸ್ಟ್ರಾಂಗ್, ಕಲ್ಚರ್ ಫಿಟ್ ಅಲ್ಲ. ಟೈಪ್ ಮಾಡಲು ಹತ್ತು ಸೆಕೆಂಡು ಹಿಡಿದಿರಬಹುದು. ಮಸಾಲೆ ಡಬ್ಬಿ ಆ ಕ್ಷಣಕ್ಕೆ ನೆನಪಾಗಲೇ ಇಲ್ಲ. ಆ ಕೆಲಸ ಆಮೇಲೆ ನಮ್ಮಂತೆಯೇ ಮಾತಾಡುವ, ನಮ್ಮ ಜೋಕಿಗೆ ನಗುವ ಒಬ್ಬರಿಗೆ ಸಿಕ್ಕಿತು. ಒಳ್ಳೆಯವರೇ. ಒಂಬತ್ತು ತಿಂಗಳಿಗೆ ಬೇರೆ ಕಡೆ ಹೋದರು.

ತುಂಬ ದಿನ ಇದು ನನ್ನನ್ನು ಕಾಡಲಿಲ್ಲ ಅನ್ನೋದೇ ಈಗ ಕಾಡುವ ವಿಷಯ. ಒಬ್ಬ ಮನುಷ್ಯನ ಕೆಲಸ ತಪ್ಪಿಸಿದ ಮಾತನ್ನು ನಾನು ಅಭಿರುಚಿಯ ಖಾತೆಗೆ ಹಾಕಿಬಿಟ್ಟಿದ್ದೆ. ರುಚಿ ಅವರವರದ್ದು ಅಂದಮೇಲೆ ಪ್ರಶ್ನೆ ಮಾಡೋರು ಯಾರು?

ಕನ್ನಡದಲ್ಲಿ ಇದಕ್ಕೆ ಎರಡು ಮಾತಿವೆ. ಹೊಂದುವುದು, ಒಗ್ಗುವುದು. ನಿಘಂಟು ಏನೇ ಹೇಳಲಿ, ನಾವು ಬಳಸುವ ರೀತಿಯಲ್ಲಿ ವ್ಯತ್ಯಾಸ ಇದೆ. ಬಣ್ಣ ಹೊಂದುತ್ತೆ, ಜಾತಕ ಹೊಂದುತ್ತೆ. ಪಕ್ಕಪಕ್ಕ ಇಟ್ಟು ನೋಡಿದರೆ ಆಯಿತು, ಕಾಯಬೇಕಿಲ್ಲ. ಒಗ್ಗೋದು ಹಾಗಲ್ಲ. ಊರಿನ ನೀರು ಒಗ್ಗುತ್ತೆ, ಹವೆ ಒಗ್ಗುತ್ತೆ, ಹಾಸ್ಟೆಲ್ ಊಟ ಒಗ್ಗಿಹೋಗುತ್ತೆ. ಅದರೊಳಗೆ ಕಾಲ ಸೇರಿದೆ. ಮೊದಲ ತುತ್ತಿಗೆ ಯಾವುದೂ ಒಗ್ಗಲ್ಲ. (ಒಗ್ಗರಣೆಯಲ್ಲೂ ಈ ಒಗ್ಗು ಇದೆ ಅಂತ ನನಗೆ ಅನ್ನಿಸುತ್ತಿರುತ್ತೆ. ಭಾಷಾಶಾಸ್ತ್ರಜ್ಞರು ಮನ್ನಿಸಲಿ.)

ಆಯುರ್ವೇದಕ್ಕೂ ಈ ಭೇದ ಗೊತ್ತಿತ್ತು. ವಿರುದ್ಧಾಹಾರ ಅಂತ ಚರಕಸಂಹಿತೆ ದೊಡ್ಡ ಪಟ್ಟಿಯನ್ನೇ ಕೊಡುತ್ತೆ. ಹಾಲಿಗೆ ಮೀನು ಕೂಡದು, ಜೇನು ತುಪ್ಪ ಸಮಸಮ ಬೆರೆಸಬಾರದು, ಹೀಗೆ. ವಾಟ್ಸಾಪಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಬರುವ ಆರೋಗ್ಯ ಸಂದೇಶಗಳು ಈ ಪಟ್ಟಿಗೇ ನಿಂತುಬಿಡುತ್ತವೆ. ಆದರೆ ಅದೇ ಅಧ್ಯಾಯದ ಕೊನೆಯ ಹೊತ್ತಿಗೆ ಇನ್ನೊಂದು ಮಾತು ಬರುತ್ತೆ. ಅಭ್ಯಾಸದಿಂದ ದೇಹಕ್ಕೆ ಸಾತ್ಮ್ಯವಾದದ್ದು, ಸ್ವಲ್ಪವೇ ತಿಂದದ್ದು, ಜೀರ್ಣಶಕ್ತಿ ಚುರುಕಾಗಿರುವವರು, ಹರೆಯದವರು, ಮೈಬಗ್ಗಿಸಿ ದುಡಿಯುವವರು ತಿಂದದ್ದು, ವಿರುದ್ಧವಾದರೂ ಕೆಡುಕು ಮಾಡದು ಅಂತ. ಸಾತ್ಮ್ಯ ಅಂದರೆ ನಮ್ಮ ಭಾಷೆಯಲ್ಲಿ ಒಗ್ಗಿದ್ದು ಅಂತಲೇ. ಚೂರುಚೂರೇ, ದಿನಾ ತಿಂದು ಒಗ್ಗಿಸಿಕೊಂಡದ್ದು.

ಇದು ಹೊಳೆದಾಗ ನನಗೆ ಉತ್ತರ ಸಿಕ್ಕಿಬಿಟ್ಟಿತು ಅನ್ನಿಸಿತು. ಆ ಹುಡುಗನ ವಿಷಯದಲ್ಲಿ ನನ್ನ ತಪ್ಪು ಇದೇ. ಒಗ್ಗಲು ಬೇಕಾದ ಕಾಲವನ್ನು ಕೊಡದೆ, ಪಕ್ಕಪಕ್ಕ ಇಟ್ಟು ನೋಡಿ, ಹೊಂದಲ್ಲ ಅಂದುಬಿಟ್ಟೆ. ಆರು ತಿಂಗಳು ಅವನು ನಮ್ಮ ಜೊತೆ ಇದ್ದಿದ್ದರೆ ಒಗ್ಗಿಹೋಗುತ್ತಿದ್ದ. ಈ ಲೇಖನ ಇಲ್ಲಿಗೇ ಮುಗಿಯಬೇಕಿತ್ತು. ಸಬ್ಬಸಿಗೆ ರೊಟ್ಟಿಯನ್ನೇ ಉದಾಹರಣೆ ಕೊಟ್ಟು ಮುಗಿಸೋಣ, ಅಮ್ಮನನ್ನು ಅಳತೆ ಕೇಳಿ ಬರೆಯೋಣ ಅಂದುಕೊಂಡಿದ್ದೆ.

ಅಮ್ಮ ಸಾಗರದ ಕಡೆಯವರು, ಅಪ್ಪ ಮಂಡ್ಯ. ಅಷ್ಟಕೂಟದಲ್ಲಿ 36ಕ್ಕೆ 27 ಬಂದಿತ್ತಂತೆ. ಸೊಪ್ಪಿನ ಕೂಟವನ್ನು ಯಾರೂ ನೋಡಲಿಲ್ಲ. ಅಮ್ಮನ ತವರಿನ ಅಡುಗೆಮನೆಗೆ ಸಬ್ಬಸಿಗೆ ಬರುತ್ತಲೇ ಇರಲಿಲ್ಲ, ಅಲ್ಲಿ ಎಲ್ಲದಕ್ಕೂ ಹಿತ್ತಿಲಿನ ಸೊಪ್ಪು, ತಂಬುಳಿ. ಅತ್ತೆಮನೆಗೆ ಬಂದ ಮೇಲೆ ಅಜ್ಜಿಯಿಂದ ಸಬ್ಬಸಿಗೆ ರೊಟ್ಟಿ, ಉಪ್ಪಿಟ್ಟು, ಬಸ್ಸಾರು ಎಲ್ಲ ಕಲಿತರು. ಕಲಿತದ್ದು ಮಾತ್ರವಲ್ಲ, ಅಜ್ಜಿಯನ್ನೂ ಮೀರಿಸಿದರು. ನೆಂಟರು ಅವರೆಕಾಯಿ ಕಾಲದಲ್ಲಿ ನಮ್ಮ ಮನೆಗೆ ಬರಲು ನೆಪ ಹುಡುಕುತ್ತಿದ್ದರು. ಅಪ್ಪ ಹೋಗಿ ಎರಡು ವರ್ಷವಾಯಿತು. ಅಮ್ಮ ಈಗ ನನ್ನ ಜೊತೆ ಇದ್ದಾರೆ. ಈ ಎರಡು ವರ್ಷದಲ್ಲಿ ಮನೆಯಲ್ಲಿ ಸಬ್ಬಸಿಗೆ ಬೇಯಲಿಲ್ಲ. ಅಪ್ಪನ ನೆನಪಾಗುತ್ತೇನೋ, ಕೇಳೋದು ಬೇಡ ಅಂತ ಸುಮ್ಮನಿದ್ದೆ.

ಮೊನ್ನೆ ಗಾಡಿಯಿಂದ ನಾನೇ ಎರಡು ಕಂತೆ ತಂದು ಅಡುಗೆಮನೆಯಲ್ಲಿಟ್ಟು ಅಳತೆ ಕೇಳಿದೆ. ಅಮ್ಮ ಅಳತೆ ಹೇಳಿದರು. ಒಂದು ಪಾವು ಹಿಟ್ಟಿಗೆ ಒಂದು ಹಿಡಿ ಸೊಪ್ಪು, ದಪ್ಪ ದಂಟು ಹಾಕಬೇಡ, ಕಾಳು ತೀರಾ ಮೆತ್ತಗಾಗಬಾರದು. ಆಮೇಲೆ ಕಿಟಕಿಯನ್ನು ಪೂರ್ತಿ ತೆಗೆದು, "ನೀನೇ ಮಾಡ್ಕೋ. ನಂಗೆ ಆ ವಾಸನೆ ಆಗಲ್ಲ" ಅಂದರು.

"ಯಾವಾಗಿಂದ?"

"ಯಾವಾಗಿಂದ ಅಂದ್ರೆ? ಯಾವತ್ತೂ ಆಗ್ತಿರ್ಲಿಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. ಕೆದಕಿದಾಗ ಹೇಳಿದರು. ಮದುವೆಯಾದ ಹೊಸದರಲ್ಲಿ ಮೂಗು ಬಿಗಿಹಿಡಿದು ತಟ್ಟುತ್ತಿದ್ದರಂತೆ. ಎಲ್ಲರಿಗೂ ಬಡಿಸಿದ ಮೇಲೆ ತಮಗೆ ಅಂತ ಹಿಟ್ಟಿನಲ್ಲಿ ಸ್ವಲ್ಪ ಸೊಪ್ಪು ಹಾಕದೆ ತೆಗೆದಿಡುತ್ತಿದ್ದರಂತೆ. ಅದನ್ನು ಅಜ್ಜಿ ಒಂದು ದಿನ ನೋಡಿ, "ನಮ್ಮನೆ ಊಟ ಒಗ್ಗಿಲ್ವಾ ನಿಂಗೆ?" ಅಂದ ಮೇಲೆ ಅದನ್ನೂ ಬಿಟ್ಟರಂತೆ. ಮೂವತ್ತನಾಲ್ಕು ವರ್ಷ! ಇಷ್ಟು ವರ್ಷ ನಾನು ಆ ರೊಟ್ಟಿ ತಿಂದೆ, ಹೊಗಳಿದೆ, ಟಿಫನ್ ಬಾಕ್ಸಿನಲ್ಲಿ ಒಯ್ದು ಗೆಳೆಯರಿಗೆ ಹಂಚಿದೆ. ಮಾಡಿದವರು ಎರಡು ತುತ್ತಿಗಿಂತ ಹೆಚ್ಚು ತಿನ್ನುತ್ತಿರಲಿಲ್ಲ ಅನ್ನೋದನ್ನು ಗಮನಿಸಲಿಲ್ಲ. ಗಮನಿಸಿದ್ದರೂ ಹೆಂಗಸರು ಕಡಿಮೆ ತಿನ್ನೋದು ಸಹಜ ಅಂದುಕೊಂಡಿರುತ್ತಿದ್ದೆ.

ನನ್ನ ಸಿದ್ಧಾಂತ ಅಲ್ಲಿಗೆ ಕುಸಿಯಿತು. ಒಗ್ಗಲು ಕಾಲ ಬೇಕು ನಿಜ. ಮೂವತ್ತನಾಲ್ಕು ವರ್ಷ ಸಾಲದಾಯಿತೇ? ಆ ಹುಡುಗ ನಮ್ಮಲ್ಲಿಗೆ ಬಂದಿದ್ದರೆ ಆರು ತಿಂಗಳಲ್ಲಿ ಒಗ್ಗಿಹೋಗುತ್ತಿದ್ದ ಅಂದೆನಲ್ಲ, ಆ ವಾಕ್ಯವನ್ನೇ ಮತ್ತೆ ನೋಡಿ. ಒಗ್ಗಬೇಕಾದವನು ಅವನು. ನಾವು ಏಳು ಜನ ಅವನ ಕನ್ನಡಕ್ಕೆ ಕಿವಿ ಒಗ್ಗಿಸಿಕೊಳ್ಳುವ ಮಾತು ನನ್ನ ಪಶ್ಚಾತ್ತಾಪದಲ್ಲೂ ಬಂದಿರಲಿಲ್ಲ. ಆರು ತಿಂಗಳಾದ ಮೇಲೆ ಅವನು ನಮ್ಮ ಜೋಕಿಗೆ ನಗಲು ಕಲಿತಿದ್ದರೆ ನಾನದನ್ನು ಯಶಸ್ಸು ಅಂತ ಕರೆದು ಇನ್ನೊಂದು ಸ್ಲೈಡ್ ಮಾಡುತ್ತಿದ್ದೆ. ಆ ನಗುವಿನ ಒಳಗೆ ಏನಿದೆ ಅಂತ ಯಾರು ಕೇಳುತ್ತಿದ್ದರು? ಬೆಂಗಳೂರಿನಲ್ಲಿ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂತ ದಿನಕ್ಕೆ ಹತ್ತು ಸಲ ಕೇಳುತ್ತೇವೆ. ಬಸ್ಸಿನಲ್ಲಿ ಸೀಟು ಹಿಡಿದು ಕೂತವರು ಆ ಮಾತು ಹೇಳೋದನ್ನು ನಾನು ಕೇಳಿಲ್ಲ, ನಿಂತವರು ಜಾಗ ಕೇಳುವಾಗ ಹೇಳುತ್ತಾರೆ. ಮನೆ, ಆಫೀಸುಗಳಲ್ಲಿ ಮಾತ್ರ ಅದನ್ನು ಕೂತವರೇ ನಿಂತವರಿಗೆ ಹೇಳುತ್ತಾರೆ.

ಹಾಗಂತ ಅಮ್ಮ ಸುಳ್ಳು ಬದುಕು ಬದುಕಿದರು ಅಂತ ಹೇಳಲಾರೆ. ಕೇಳಿದೆ ಕೂಡ. "ನಿಮ್ಮಪ್ಪ ಅದನ್ನು ತಿನ್ನೋದು ನೋಡೋಕೆ ಚೆನ್ನಾಗಿರ್ತಿತ್ತು" ಅಂದರು. ಅದು ನಿಜ. ವಾಸನೆ ಆಗ್ತಿರಲಿಲ್ಲ ಅನ್ನೋದೂ ನಿಜ. ಎರಡರ ನಡುವೆ ಯಾವುದು ಹೆಚ್ಚು ನಿಜ ಅಂತ ತೂಗುವ ತಕ್ಕಡಿ ನನ್ನ ಹತ್ತಿರ ಇಲ್ಲ, ಆ ತಕ್ಕಡಿ ಹಿಡಿಯುವ ಹಕ್ಕೂ ನನ್ನದಲ್ಲ. ವಾಸನೆ ಅನ್ನುವ ಪದಕ್ಕೆ ತತ್ತ್ವಶಾಸ್ತ್ರದಲ್ಲಿ ಇನ್ನೊಂದು ಅರ್ಥ ಇದೆಯಲ್ಲ, ಅನುಭವಗಳು ಮನಸ್ಸಿನಲ್ಲಿ ಉಳಿಸಿಹೋಗುವ ಗುರುತು ಅಂತ. ಒಂದೇ ರೊಟ್ಟಿ ನನ್ನಲ್ಲಿ ಒಂದು ಗುರುತು, ಅಮ್ಮನಲ್ಲಿ ಇನ್ನೊಂದು ಗುರುತು ಉಳಿಸಿತ್ತು. ಕಾರ್ವೋನ್ ಅಂತ ಒಂದು ಅಣು ಇದೆ. ಅದರ ಒಂದು ರೂಪ ಸಬ್ಬಸಿಗೆ ಕಾಳಿನಲ್ಲಿದೆ, ಕನ್ನಡಿಯಲ್ಲಿ ಕಾಣುವ ಬಿಂಬದಂಥ ಇನ್ನೊಂದು ರೂಪ ಸ್ಪಿಯರ್‌ಮಿಂಟ್ ಪುದೀನದಲ್ಲಿದೆ. ಎಡಗೈ ಬಲಗೈ ಇದ್ದ ಹಾಗೆ, ಬೇರೇನೂ ವ್ಯತ್ಯಾಸ ಇಲ್ಲ. ಆದರೂ ನಮ್ಮ ಮೂಗು ಎರಡನ್ನೂ ಬೇರೆ ಬೇರೆಯಾಗಿ ಗುರುತಿಸುತ್ತೆ.

ಆ ಎರಡು ಕಂತೆಯನ್ನು ನಾನು ಪಕ್ಕದ ಫ್ಲ್ಯಾಟಿಗೆ ಕೊಟ್ಟುಬಂದೆ. ನಮ್ಮ ಬಾಲ್ಕನಿಯಲ್ಲಿ ಅಮ್ಮ ತಂದು ನೆಟ್ಟ ದೊಡ್ಡಪತ್ರೆ ಕುಂಡ ಇದೆ. ತವರಿನಿಂದ ಒಂದು ಕಡ್ಡಿ ಮುರಿದು ತಂದದ್ದು, ಮಂಡ್ಯದ ಮನೆಯಲ್ಲೂ ಇತ್ತು. ಅಲ್ಲಿ ಅದು ಮಕ್ಕಳ ಕೆಮ್ಮಿಗೆ ರಸ ಹಿಂಡಲು ಮಾತ್ರ. ಒಮ್ಮೆ ಅಮ್ಮ ಅದರ ತಂಬುಳಿ ಮಾಡಿದಾಗ ಅಪ್ಪ ಮೂಸಿ ನೋಡಿ, "ಇದೇನೇ, ಊಟಕ್ಕೆ ಕೂತೋರಿಗೆ ಕಷಾಯ ಬಡಿಸ್ತೀಯಾ" ಅಂದಿದ್ದರು. ಎಲ್ಲರೂ ನಕ್ಕಿದ್ದೆವು. ಅದು ಇನ್ನೊಂದು ಸಲ ಊಟಕ್ಕೆ ಬಂದದ್ದು ನನಗೆ ನೆನಪಿಲ್ಲ.

ಭಾನುವಾರ ಎಂಟು ಎಲೆ ಕಿತ್ತು, ತುಪ್ಪದಲ್ಲಿ ಜೀರಿಗೆ, ಕಾಳುಮೆಣಸು ಹುರಿದು, ಎಲೆ ಬಾಡಿಸಿ, ತೆಂಗಿನತುರಿ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸಿದೆ. ಬಿಸಿ ಅನ್ನಕ್ಕೆ ಕಲಸಿ ಬಾಯಿಗಿಟ್ಟರೆ ನನಗೆ ಬಂದದ್ದು ಅಪ್ಪ ಹೇಳಿದ ಕಷಾಯದ ವಾಸನೆಯೇ. ಅಮ್ಮ ಎರಡು ಸಲ ಹಾಕಿಸಿಕೊಂಡು ಉಂಡರು. ಕೈ ತೊಳೆಯುತ್ತಾ, ಎಲೆ ಇನ್ನೂ ಸ್ವಲ್ಪ ಬಾಡಬೇಕಿತ್ತು, ಅದಕ್ಕೇ ಒಗರು ಉಳಿದಿದೆ, ನಾಳೆ ಮಾಡುವಾಗ ಉರಿ ಸಣ್ಣ ಇಟ್ಕೋ ಅಂದರು.